ಮನೆ ನೋಡಲು ಜುಲೈ, ಇರಲು ಅಕ್ಟೋಬರ್: ಪುಟ್ಟ ಮಕ್ಕಳೊಂದಿಗೆ ಕೊಡಗಿನಲ್ಲಿ ಒಂದು ವರ್ಷ

ಪ್ರಶ್ನೆ: ನಾವು ಬೆಂಗಳೂರಿನವರು. ಮಗಳಿಗೆ ಆರು ವರ್ಷ, ಮಗನಿಗೆ ಎರಡೂವರೆ. ಕೊಡಗಿನ ಕಾಫಿ ತೋಟವೊಂದರಲ್ಲಿ ಹಳೇ ಮನೆ ಬಾಡಿಗೆಗೆ ಹಿಡಿದು ಒಂದು ವರ್ಷ ಬಾವಿ ನೀರು, ಸೌದೆ ಒಲೆ, ಸೋಲಾರ್ ನೆಚ್ಚಿಕೊಂಡು ಸರಳವಾಗಿ ಬದುಕಬೇಕೆಂಬ ಆಸೆ. ನಮ್ಮಲ್ಲೊಬ್ಬರಿಗೆ ಮನೆಯಿಂದಲೇ ಕೆಲಸ. ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಬರೋಣ ಎಂದುಕೊಂಡಿದ್ದೇವೆ. ಇದು ಆಗುವ ಮಾತೇ? ಏನೇನು ಸಿದ್ಧತೆ ಬೇಕು? ಮಗಳಿಗೆ ಮನೆಯಲ್ಲೇ ಪಾಠ ಹೇಳಿಕೊಡಬಹುದೇ?

ಉತ್ತರ:

ಆಗುವ ಮಾತೇ. ಆದರೆ ಜೂನ್‌ನಲ್ಲಿ ಬರಬೇಡಿ. ಜುಲೈನಲ್ಲಿ ಬಂದು, ನಿಮಗೆ ಬೇಕಾದ ಊರಿನ ಹತ್ತಿರದ ಹೋಂಸ್ಟೇಯಲ್ಲಿ ಹತ್ತು ಹದಿನೈದು ದಿನ ಇದ್ದು ಮನೆ ನೋಡಿ. ಅಕ್ಟೋಬರ್ 17ರ ಸುಮಾರಿಗೆ ಬರುವ ಕಾವೇರಿ ಸಂಕ್ರಮಣ ಕಳೆದ ಮೇಲೆ ಸಾಮಾನು ತನ್ನಿ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಜನವರಿಯ ಎಳೆಬಿಸಿಲಲ್ಲಿ, ಕಣದ ತುಂಬ ಕಾಫಿ ಹರಡಿರುವಾಗ ಮನೆ ನೋಡಿ ಅಡ್ವಾನ್ಸ್ ಕೊಟ್ಟು, ಜೂನ್‌ನಲ್ಲಿ ಬಂದು ಇಳಿಯುತ್ತಾರೆ. ಜುಲೈ ನಡುವಿಗೆ ಬಟ್ಟೆ ಒಣಗುವುದಿಲ್ಲ, ಕರೆಂಟಿಲ್ಲ, ಮಗುವಿನ ಕೆಮ್ಮು ನಿಂತಿಲ್ಲ. ಆಗಸ್ಟ್‌ನಲ್ಲಿ ವಾಪಸ್. ಇದರಲ್ಲಿ ಊರಿನ ತಪ್ಪಿಲ್ಲ, ಬಂದವರ ಆಸೆಯ ತಪ್ಪೂ ಇಲ್ಲ. ಇಲ್ಲಿ ಒಂದು ಮನೆಯ ಯೋಗ್ಯತೆ ಗೊತ್ತಾಗುವುದು ಮಳೆಯಲ್ಲಿ ಮಾತ್ರ. ಅಕ್ಟೋಬರ್‌ನಲ್ಲಿ ಬಂದರೆ ಮುಂದಿನ ಮಳೆಗೆ ಏಳೆಂಟು ತಿಂಗಳು ಸಿಗುತ್ತದೆ. ಅಷ್ಟರಲ್ಲಿ ಸೌದೆ ಒಣಗಿಸಬಹುದು, ಅಕ್ಕಪಕ್ಕದವರ ಪರಿಚಯವಾಗುತ್ತದೆ, ಚಿಕ್ಕವನಿಗೆ ಚಡ್ಡಿ ಒದ್ದೆ ಮಾಡಿಕೊಳ್ಳದ ಅಭ್ಯಾಸವೂ ಆಗಿರುತ್ತದೆ. ಕೊನೆಯದನ್ನು ಸಣ್ಣದೆಂದು ತಿಳಿಯಬೇಡಿ.

ಎಲ್ಲಿ ಹುಡುಕಬೇಕು? ಪಶ್ಚಿಮದ ಭಾಗಮಂಡಲ, ತಲಕಾವೇರಿ, ಗಾಳಿಬೀಡು ಕಡೆ ಸುರಿಯುವ ಮಳೆಗೂ ಪೂರ್ವದ ಕುಶಾಲನಗರ, ಶನಿವಾರಸಂತೆ ಕಡೆಯ ಮಳೆಗೂ ಹೋಲಿಕೆಯೇ ಇಲ್ಲ. ಎರಡೂವರೆ ವರ್ಷದ ಮಗುವಿರುವವರು ಮೊದಲ ವರ್ಷ ನಡುವಿನ ಪಟ್ಟಿಯಲ್ಲಿ, ಅಂದರೆ ಸುಂಟಿಕೊಪ್ಪ, ಚೆಟ್ಟಳ್ಳಿ, ಅಮ್ಮತ್ತಿ, ಗೋಣಿಕೊಪ್ಪಲು ಸುತ್ತಮುತ್ತ ನೋಡುವುದು ಒಳ್ಳೆಯದು. ಮಳೆ ಕಡಿಮೆಯೆಂದು ಹೊಳೆಯ ಪಕ್ಕದ ಮನೆ ಹಿಡಿಯಬೇಡಿ. ಕಾವೇರಿ ಏರುವುದು ಪಶ್ಚಿಮದ ಬೆಟ್ಟಗಳಲ್ಲಿ ಸುರಿದ ಮಳೆಗೆ. ಕುಶಾಲನಗರದ ತಗ್ಗು ಬಡಾವಣೆಗಳು, ಸಿದ್ದಾಪುರದ ಕರಡಿಗೋಡು, ನೆಲ್ಯಹುದಿಕೇರಿಯ ಹೊಳೆ ದಂಡೆ, ಇಲ್ಲೆಲ್ಲ ಮನೆಯೊಳಗೆ ನೀರು ನುಗ್ಗಿದ್ದು ತಲೆಯ ಮೇಲೆ ಸುರಿದ ಮಳೆಯಿಂದಲ್ಲ.

ಇಳಿಜಾರಿನ ಮನೆಯಾದರೆ ಮೊದಲು ಹಿತ್ತಲಿಗೆ ಹೋಗಿ. ಮನೆ ಕಟ್ಟಲು ಗುಡ್ಡ ಕಡಿದಿದ್ದರೆ ಹಿಂದೆ ಬರೆ, ಅಂದರೆ ಕಡಿದುಳಿದ ನೆಟ್ಟಗಿನ ಮಣ್ಣಿನ ಗೋಡೆ, ಇರುತ್ತದೆ. ಬರೆಯ ಎತ್ತರ ಎಷ್ಟೋ, ಕನಿಷ್ಠ ಅಷ್ಟೇ ದೂರ ಗೋಡೆಗೂ ಬರೆಗೂ ನಡುವೆ ಇರಲಿ. ಇಲ್ಲದಿದ್ದರೆ ಆ ಮನೆ ಬೇಡ. ಇದ್ದರೂ ಮಕ್ಕಳನ್ನು ಬರೆಯ ಕಡೆಯ ಕೋಣೆಯಲ್ಲಿ ಮಲಗಿಸಬೇಡಿ. ಬರೆಯ ಮೇಲ್ಭಾಗದಲ್ಲಿ ಹೊಸ ಬಿರುಕು, ಓರೆಯಾಗಿ ನಿಂತ ಮರ, ಇದ್ದಕ್ಕಿದ್ದಂತೆ ಕೆಸರಾದ ಅಥವಾ ನಿಂತೇ ಹೋದ ಒರತೆ, ನಿನ್ನೆವರೆಗೆ ಸರಾಗವಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಬಿಗಿಯಾಗುವುದು, ಇವು ನೆಲ ಜರುಗುತ್ತಿರುವ ಲಕ್ಷಣಗಳು. ಕಂಡ ಕೂಡಲೇ ಹೊರಡಬೇಕು, ರಾತ್ರಿಯಾದರೂ ಸರಿ. ಜಿಲ್ಲಾ ಸಹಾಯವಾಣಿ 1077. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ, 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಗುಡ್ಡ ಕುಸಿದಿದ್ದು ದಿನಗಟ್ಟಲೆ ಬಿಡದೆ ಸುರಿದ ಮಳೆಗೆ. ಮನೆ ಇರುವ ಜಾಗದ ಬಗ್ಗೆ ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಅಲ್ಲಿಯ ಹಳಬರನ್ನು ಇನ್ನೂ ಮುಖ್ಯವಾಗಿ ಕೇಳಿ: “2018ರಲ್ಲಿ ಈ ಮನೆಯಲ್ಲಿ ಜನ ಇದ್ದರಾ, ಬೇರೆ ಕಡೆ ಹೋಗಿದ್ದರಾ?”

ಒಳಗೆ ಬಂದ ಮೇಲೆ ಗೋಡೆಯ ಬುಡ ನೋಡಿ. ಬಣ್ಣ ಎಷ್ಟು ಎತ್ತರಕ್ಕೆ ಉಬ್ಬಿ ಉದುರಿದೆಯೋ ಅಷ್ಟು ಎತ್ತರಕ್ಕೆ ತೇವ ಏರುತ್ತದೆ. ಒಂದಡಿಯಾದರೆ ನಡೆಯುತ್ತದೆ, ಮೂರಡಿಯಾದರೆ ಮಗುವಿನ ಎದೆಗೆ ಒಳ್ಳೆಯದಲ್ಲ. ಸುಣ್ಣ ಬಳಿದು ಹೊಸದಾಗಿಸಿದ್ದರೆ ಗೋಡೆ ಬೀರುವಿನ ಬಾಗಿಲು ತೆಗೆದು ಮೂಸಿ. ಬೂಸ್ಟಿನ ವಾಸನೆಯನ್ನು ಸುಣ್ಣ ಮುಚ್ಚುವುದಿಲ್ಲ. ಹೆಂಚಿನ ಮನೆಯಾದರೆ ಕೆಳಗಿನಿಂದ ಬೆಳಕು ಕಾಣುವ ಸಂದುಗಳನ್ನು ಎಣಿಸಿ, ಹೆಂಚು ತಿರುಗಿಸಿಕೊಡುವುದು ಯಾರ ಖರ್ಚು ಎಂದು ಆಗಲೇ ಮಾತಾಡಿಕೊಳ್ಳಿ. ಕೆಲಸ ಏಪ್ರಿಲ್ ಒಳಗೆ ಮುಗಿಯಬೇಕು. ಆಮೇಲೆ ಹೆಂಚಿನ ಮೇಲೆ ಹತ್ತುವವರು ಸಿಗುವುದಿಲ್ಲ.

ಇನ್ನೊಂದು ಪರೀಕ್ಷೆ: ಮಳೆ ಸುರಿಯುತ್ತಿರುವಾಗ, ಕತ್ತಲಾದ ಮೇಲೆ, ಆ ಮನೆಯಿಂದ ಆಸ್ಪತ್ರೆಗೆ ಒಮ್ಮೆ ಕಾರಿನಲ್ಲಿ ಹೋಗಿ ನೋಡಿ. ಇಪ್ಪತ್ತನಾಲ್ಕು ಗಂಟೆ ವೈದ್ಯರಿರುವ ಆಸ್ಪತ್ರೆ ಮುಟ್ಟಲು ಮುಕ್ಕಾಲು ಗಂಟೆಗಿಂತ ಹೆಚ್ಚಾದರೆ ಮೊದಲ ವರ್ಷಕ್ಕೆ ಆ ಮನೆ ಬೇಡ. ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ಅದಕ್ಕೂ ಮೇಲೆ ಎಂದರೆ ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದೂರದ ಮೈಸೂರು. ಜಿಲ್ಲೆಯಲ್ಲಿ ರೈಲಿಲ್ಲ. ದಕ್ಷಿಣದ ಕುಟ್ಟ ಕಡೆ ಮನೆ ನೋಡುವವರು ಹುಣಸೂರಿಗೆ ಹೋಗುವ ನಾಗರಹೊಳೆ ಕಾಡಿನ ರಸ್ತೆ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಲೈನ್‌ಮನೆ ಕೇಳುವುದಾದರೆ ಸ್ವಲ್ಪ ಯೋಚಿಸಿ. ಅವು ಕೆಲಸದವರಿಗಾಗಿ ಕಟ್ಟಿದವು. ಅರೇಬಿಕಾ ಕೊಯ್ಲು ನವೆಂಬರ್‌ಗೆ ಶುರುವಾದರೆ ರೊಬಸ್ಟಾ ಮುಗಿಯುವಾಗ ಮಾರ್ಚ್ ಆಗುತ್ತದೆ, ಅಲ್ಲಿವರೆಗೆ ಹೊರಗಿನಿಂದ ಬಂದ ಕೆಲಸದವರಿಗೆ ಆ ಕೋಣೆಗಳು ಬೇಕೇ ಬೇಕು. ಅವರನ್ನು ಎಬ್ಬಿಸಿ ನಾವು ಸರಳ ಜೀವನ ಮಾಡುವುದು ಸರಿಯಲ್ಲ. ಖಾಲಿ ಬಿದ್ದಿರುವ ರೈಟರ್ (ತೋಟದ ಮೇಲ್ವಿಚಾರಕ) ಮನೆ, ಮಕ್ಕಳೆಲ್ಲ ಪಟ್ಟಣ ಸೇರಿ ವಯಸ್ಸಾದವರಷ್ಟೇ ಉಳಿದಿರುವ ಮನೆಯ ಒಂದು ಭಾಗ, ಇಂಥದ್ದನ್ನು ಕೇಳಿ. ಕೂಗಿದರೆ ಕೇಳಿಸುವಷ್ಟು ಹತ್ತಿರ ಇನ್ನೊಂದು ಮನೆ ಇರುವುದು ಚಿಕ್ಕ ಮಕ್ಕಳಿರುವವರಿಗೆ ಒಳ್ಳೆಯ ನೋಟಕ್ಕಿಂತ ದೊಡ್ಡದು.

ಈಗ ಬಟ್ಟೆಯ ವಿಷಯ. ಹೊಸದಾಗಿ ಬಂದವರನ್ನು ಸೋಲಿಸುವುದು ಆನೆಯಲ್ಲ, ಒದ್ದೆ ಬಟ್ಟೆ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಹೊರಗೆ ಹಾಕಿದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ, ಅರ್ಧ ಒಣಗಿದ್ದು ಬೂಸ್ಟು ಹಿಡಿಯುತ್ತದೆ. ಜೀನ್ಸ್, ದಪ್ಪ ಟವೆಲ್, ಹತ್ತಿ ಸ್ವೆಟರ್ ಬೆಂಗಳೂರಿನಲ್ಲೇ ಇರಲಿ. ಬೇಗ ನೀರು ಬಿಡುವ ತೆಳು ಬಟ್ಟೆ ಮಗುವಿಗೆ ಹತ್ತು ಹನ್ನೆರಡು ಜೊತೆ ಇಟ್ಟುಕೊಳ್ಳಿ. ಕರೆಂಟ್ ಇದ್ದಾಗ ವಾಷಿಂಗ್ ಮೆಷಿನ್‌ನ ಸ್ಪಿನ್ನರ್‌ನಲ್ಲಿ ಎರಡು ಸಲ ತಿರುಗಿಸಿ ತೆಗೆದರೆ ಅರ್ಧ ಕೆಲಸ ಆಯಿತು. ಆಮೇಲೆ ಬಚ್ಚಲ ಒಲೆ. ಹಂಡೆಗೆ ಬೆಂಕಿ ಹಾಕುವ ಮನೆಗಳಲ್ಲಿ ಒಲೆಯ ಮೇಲ್ಭಾಗಕ್ಕೆ ಹಗ್ಗವನ್ನೋ ಬಿದಿರಿನ ಗಳುವನ್ನೋ ಕಟ್ಟಿರುತ್ತಾರೆ. ಬೆಂಕಿಗೂ ಬಟ್ಟೆಗೂ ಕನಿಷ್ಠ ಐದಡಿ ಅಂತರ ಬಿಟ್ಟು, ಉರಿ ಇಳಿದು ಕೆಂಡವಾದ ಮೇಲೆ ಹರಡಿದರೆ ಬೆಳಗಾಗುವಾಗ ಒಣಗಿರುತ್ತದೆ. ಉರಿ ಇರುವಾಗ ಹಾಕಿದರೆ ಕಿಡಿ ಹಾರುತ್ತದೆ, ಹೊಗೆ ವಾಸನೆಯೂ ಕೂರುತ್ತದೆ. ಇದಕ್ಕೆ ಬೇಕಾದ ಕಾಫಿ ಗಿಡದ ಸೌದೆ, ಸಿಲ್ವರ್ ಓಕ್ ಕೊಂಬೆಗಳನ್ನು ಫೆಬ್ರವರಿ ಮಾರ್ಚ್‌ನಲ್ಲೇ ತರಿಸಿ, ಒಡೆದು, ನೆಲಕ್ಕೆ ತಾಗದಂತೆ ಎರಡು ಗಳುಗಳ ಮೇಲೆ ಪೇರಿಸಿಡಿ. ಮೇ ತಿಂಗಳಲ್ಲಿ ಕೊಂಡ ಹಸಿ ಸೌದೆ ಮಳೆಗಾಲವಿಡೀ ಹೊಗೆ ಕೊಡುತ್ತದೆಯೇ ಹೊರತು ಬಿಸಿ ಕೊಡುವುದಿಲ್ಲ.

ಇದನ್ನು ಮಾತ್ರ ದಯವಿಟ್ಟು ಎರಡು ಸಲ ಓದಿ. ಚಳಿಗೆಂದೋ ಬಟ್ಟೆ ಒಣಗಲೆಂದೋ ಇದ್ದಿಲ ಕೆಂಡದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಯಲ್ಲಿಟ್ಟು ಬಾಗಿಲು ಮುಚ್ಚಬೇಡಿ. ಹೊಗೆ ಕಾಣದ ಕೆಂಡದಿಂದಲೂ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಬಚ್ಚಲೊಳಗೆ ಕೂರಿಸಿದ ಗ್ಯಾಸ್ ಗೀಸರ್‌ನಿಂದಲೂ, ಜಗಲಿಯಲ್ಲಿ ಓಡುವ ಜನರೇಟರ್‌ನಿಂದಲೂ ಇದೇ ಅಪಾಯ. ಗೀಸರ್ ಗೋಡೆಯ ಹೊರಗಿರಬೇಕು, ಜನರೇಟರ್ ಕಿಟಕಿಗಳಿಂದ ದೂರ ಇರಬೇಕು. ಮನೆಮಂದಿಗೆಲ್ಲ ಒಟ್ಟಿಗೇ ತಲೆನೋವು, ವಾಕರಿಕೆ, ಮಂಪರು ಬಂದರೆ ಅದನ್ನು ಜ್ವರವೆಂದುಕೊಳ್ಳಬೇಡಿ, ಮಕ್ಕಳನ್ನೆತ್ತಿಕೊಂಡು ಹೊರಗೆ ಬನ್ನಿ. ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂ ಸಿಗುತ್ತದೆ, ಬರುವ ಮೊದಲೇ ಒಂದು ಕೊಂಡುಕೊಳ್ಳಿ.

ನೀರು ಧಾರಾಳ, ಆದರೆ ಶುದ್ಧವೆಂದು ನಂಬಬಾರದು. ಬಾವಿಯ ಮೇಲ್ಭಾಗದಲ್ಲಿ ಪಲ್ಪರ್ ಹೌಸ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆಯುವ ಜಾಗ), ಕೊಟ್ಟಿಗೆ, ಶೌಚದ ಗುಂಡಿ ಇದೆಯೇ ನೋಡಿ. ಪಲ್ಪಿಂಗ್ ನಡೆಯುವ ತಿಂಗಳುಗಳಲ್ಲಿ ಆ ತೊಳೆದ ನೀರು ಇಳಿದು ಬಂದರೆ ಬಾವಿ ಹುಳಿ ವಾಸನೆ ಬರುತ್ತದೆ. ಮಳೆ ಹಿಡಿದ ಮೇಲೆ ಹದಿನೈದು ದಿನಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ. ಲೆಕ್ಕ ಸುಲಭ: ಬಾವಿಯ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ಅದನ್ನು ನೀರಿನ ಆಳದಿಂದ ಗುಣಿಸಿ (ಎಲ್ಲ ಮೀಟರ್‌ನಲ್ಲಿ), ಬಂದದ್ದನ್ನು 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಎರಡು ಮೀಟರ್ ಅಗಲ, ಮೂರು ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 9,400 ಲೀಟರ್. 1,000 ಲೀಟರ್‌ಗೆ 2.5 ಗ್ರಾಂನಂತೆ ಸುಮಾರು 24 ಗ್ರಾಂ ಪೌಡರ್ ಸಾಕು. ಬಕೆಟ್‌ನಲ್ಲಿ ಮೊದಲು ಪೇಸ್ಟ್ ಮಾಡಿ, ನೀರು ಬೆರೆಸಿ ಕಲಕಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟ್‌ಗೆ ಬಸಿದು, ಅದನ್ನು ಬಾವಿಗೆ ಇಳಿಸಿ ಮೇಲೆ ಕೆಳಗೆ ಆಡಿಸಿ. ರಾತ್ರಿ ಹಾಕಿ ಬೆಳಗ್ಗೆ ಸೇದಿದರೆ ಸರಿ, ಕನಿಷ್ಠ ಒಂದು ಗಂಟೆಯಂತೂ ಬೇಕು. ಬಾಯಿ ತೆರೆದಿಟ್ಟ ಹಳೇ ಪೊಟ್ಟಣದಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಕೆಸರು ನೀರಿನಲ್ಲಿ ಕ್ಲೋರಿನ್ ಕೆಸರಿಗೇ ಮುಗಿದುಹೋಗುತ್ತದೆ. ಹಾಗಾಗಿ ಕುಡಿಯುವ ನೀರನ್ನು ಹೇಗೂ ಕುದಿಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ. ಬಾವಿಕಟ್ಟೆ ಮಗುವಿನ ಎದೆಗಿಂತ ಎತ್ತರವಿರಬೇಕು, ಮೇಲೆ ಬೀಗ ಹಾಕುವ ಕಬ್ಬಿಣದ ಜಾಲರಿ ಇರಬೇಕು. ಜಾಲರಿ ಕೂರಿಸುವ ಮುನ್ನ ಮಕ್ಕಳನ್ನು ಆ ಮನೆಗೆ ಕರೆತರಬೇಡಿ.

ಕರೆಂಟಿನ ವಿಷಯದಲ್ಲಿ ಸೋಲಾರ್ ಮೇಲೆ ನಿಮಗಿರುವ ಭರವಸೆ ಸ್ವಲ್ಪ ಕಡಿಮೆಯಾಗಬೇಕು. ನಿಮಗೆ ಕರೆಂಟಿಲ್ಲದಿರುವುದೂ ಬಿಸಿಲಿಲ್ಲದಿರುವುದೂ ಒಂದೇ ತಿಂಗಳುಗಳಲ್ಲಿ. ಮೋಡ ಮುಚ್ಚಿದ ದಿನ, ಅದೂ ನೆರಳು ಮರಗಳ ನಡುವೆ, ಪ್ಯಾನಲ್‌ನಿಂದ ಬರುವುದು ಬೇಸಿಗೆಯ ಒಂದು ಸಣ್ಣ ಪಾಲು. ಇನ್ವರ್ಟರ್ ಲೆಕ್ಕ ನೋಡಿ. 12 ವೋಲ್ಟ್, 150 ಆಂಪಿಯರ್ ಅವರ್ ಟ್ಯೂಬುಲರ್ ಬ್ಯಾಟರಿಯಲ್ಲಿ 1,800 ವಾಟ್ ಅವರ್. ಬ್ಯಾಟರಿ ಬಾಳಬೇಕಾದರೆ ಅರ್ಧಕ್ಕಿಂತ ಹೆಚ್ಚು ಬಳಸಬಾರದು, ಇನ್ವರ್ಟರ್‌ನ ಸೋರಿಕೆ ಕಳೆದರೆ ಕೈಗೆ ಸಿಗುವುದು 750ರ ಆಸುಪಾಸು. ಒಂಬತ್ತು ವಾಟ್‌ನ ನಾಲ್ಕು ಬಲ್ಬು ಐದು ಗಂಟೆಗೆ 180, ಹತ್ತು ವಾಟ್‌ನ ರೂಟರ್ ಇಡೀ ದಿನಕ್ಕೆ 240, ಲ್ಯಾಪ್‌ಟಾಪ್ ಆರು ಗಂಟೆಗೆ 300. ಅಲ್ಲಿಗೆ ಒಂದು ದಿನ ಮುಗಿಯಿತು. ಮರ ಬಿದ್ದು ಲೈನ್ ಹೋದರೆ ಮೂರು ನಾಲ್ಕು ದಿನ ಕಾಯಬೇಕಾಗುತ್ತದೆ (ಚೆಸ್ಕಾಂ ದೂರಿಗೆ 1912). ಅದೇ ಹೊತ್ತಿಗೆ ಮೊಬೈಲ್ ಟವರ್‌ನ ಬ್ಯಾಟರಿಯೂ ಮುಗಿಯುತ್ತದೆ. ಆದ್ದರಿಂದ ಕೆಲಸ ಮಾಡುವವರು ಹತ್ತಿರದ ಪಟ್ಟಣದಲ್ಲಿ ಕೂತು ಕೆಲಸ ಮಾಡಲು ಒಂದು ಜಾಗ ಮೊದಲೇ ಗೊತ್ತುಮಾಡಿಕೊಳ್ಳಿ, ಆಫೀಸಿನಲ್ಲೂ ಜುಲೈ ಆಗಸ್ಟ್ ಹೀಗಿರುತ್ತದೆಂದು ಹೇಳಿಡಿ. ಇಂಡಕ್ಷನ್ ಒಲೆ ಮನೆಯ ಇನ್ವರ್ಟರ್‌ನಲ್ಲಿ ನಡೆಯುವುದಿಲ್ಲ. ಎರಡು ಗ್ಯಾಸ್ ಸಿಲಿಂಡರ್ ಇರಲಿ. ಏಪ್ರಿಲ್ ಮೇ ಗುಡುಗಿಗೆ ಪ್ಲಗ್‌ಗಳನ್ನು ಕಿತ್ತಿಡದಿದ್ದರೆ ಮೊದಲು ಸುಡುವುದು ರೂಟರ್.

ಕಾಡಾನೆ ತೋಟದೊಳಗೆ ಬರುವುದು ಸಿದ್ದಾಪುರ, ಅಮ್ಮತ್ತಿ, ತಿತಿಮತಿ ಕಡೆ ದಿನನಿತ್ಯದ ಮಾತು. ದಕ್ಷಿಣದಲ್ಲಿ ಹುಲಿಯ ಭಯವೂ ಇದೆ. ಸಂಜೆ ಆರರಿಂದ ಬೆಳಗ್ಗೆ ಏಳರವರೆಗೆ ತೋಟದ ದಾರಿಯಲ್ಲಿ ಮಕ್ಕಳೊಂದಿಗೆ ನಡೆಯಬಾರದು, ಇದಕ್ಕೆ ವಿನಾಯಿತಿ ಬೇಡ. ಹಲಸಿನ ಕಾಲದಲ್ಲಿ ಮನೆ ಸುತ್ತಲಿನ ಮರಗಳ ಕಾಯನ್ನು ಎಳೆಯದಾಗಿರುವಾಗಲೇ ಇಳಿಸಿಬಿಡಿ, ಅಂಗಳಕ್ಕೆ ತಾಗಿ ಬಾಳೆ ನೆಡಬೇಡಿ. ಊರಿನವರ ವಾಟ್ಸಾಪ್ ಗುಂಪಿಗೆ ಸೇರಿಕೊಂಡರೆ ಆನೆ ಯಾವ ತೋಟದಲ್ಲಿದೆ ಎಂದು ಬೆಳಗಾಗುವ ಮೊದಲೇ ತಿಳಿಯುತ್ತದೆ. ಕಾರಿಗೆ ಎದುರಾದರೆ ದೂರದಲ್ಲೇ ನಿಲ್ಲಿಸಿ, ಹಾರನ್ ಹಾಕದೆ, ಲೈಟ್ ತಗ್ಗಿಸಿ ಹಿಂದಕ್ಕೆ ಸರಿಯಿರಿ. ಬೇಲಿಯ ಯಾವ ತಂತಿಯನ್ನೂ (ಕರೆಂಟ್ ಇರಬಹುದು) ಮುಟ್ಟಬಾರದೆಂದು ಮಗಳಿಗೆ ಮೊದಲ ದಿನವೇ ಹೇಳಿ.

ಹಾವು ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಹೀರಬೇಡಿ. ಕಚ್ಚಿದ ಕೈಕಾಲು ಅಲ್ಲಾಡದಂತೆ ಮಗುವನ್ನು ಎತ್ತಿಕೊಂಡೇ ಆಸ್ಪತ್ರೆಗೆ ಹೊರಡಿ, ದಾರಿಯಲ್ಲಿ 108ಕ್ಕೆ ಕರೆ ಮಾಡಿ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳಿಗೆ ಮಾಡಿದ್ದು. ಮಲೆಯ ಗುಳಿಮಂಡಲಗಳಿಗೆ ಅದು ಕೆಲಸ ಮಾಡುವುದಿಲ್ಲ, ಆದರೂ ಆಸ್ಪತ್ರೆಯ ನಿಗಾ ಬೇಕೇ ಬೇಕು. ಹಾವನ್ನು ಹಿಡಿಯಲು ಹೋಗಬೇಡಿ, ದೂರದಿಂದ ಫೋಟೋ ಸಿಕ್ಕರೆ ಸಾಕು. ನಾಯಿ, ಕೋತಿ ಕಚ್ಚಿದರೆ ಹದಿನೈದು ನಿಮಿಷ ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆದು ಅಂದೇ ಲಸಿಕೆಗೆ ಹೋಗಿ.

ಇಂಬಳಕ್ಕೆ (ಜಿಗಣೆಗೆ) ಹೆದರುವುದು ಬೇಡ. ಅದು ರೋಗ ತರುವುದಿಲ್ಲ, ರಕ್ತ ಮಾತ್ರ ಬೇಗ ನಿಲ್ಲುವುದಿಲ್ಲ. ಉಗುರನ್ನು ಬಾಯಿಯ ಅಡಿಗೆ ಜಾರಿಸಿ ಬಿಡಿಸಿ, ಹತ್ತು ನಿಮಿಷ ಒತ್ತಿಹಿಡಿಯಿರಿ. ದೊಡ್ಡವರು ಗಂಬೂಟಿಗೆ ಹೊಗೆಸೊಪ್ಪಿನ ನೀರು ಹಚ್ಚಿಕೊಳ್ಳುತ್ತಾರೆ. ಮಗುವಿನ ಚರ್ಮಕ್ಕೆ ಅದನ್ನು ಹಚ್ಚಬೇಡಿ, ನಿಕೋಟಿನ್ ಒಳಗೆ ಇಳಿಯುತ್ತದೆ. ಬಿಗಿ ನೇಯ್ಗೆಯ ಮೊಣಕಾಲುದ್ದದ ಸಾಕ್ಸ್, ಮೇಲಂಚಿಗೆ ಬೇವಿನೆಣ್ಣೆ, ಅಷ್ಟು ಸಾಕು. ಮುಂಗಾರಿಗೆ ಮುಂಚೆ ಕಾಫಿಗೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆಯುವ ದಿನಗಳಲ್ಲಿ ಮಕ್ಕಳನ್ನು ತೋಟಕ್ಕೆ ಬಿಡಬೇಡಿ, ಬಾವಿ ಮುಚ್ಚಿಡಿ. ಯಾವತ್ತು ಹೊಡೆಯುತ್ತಾರೆಂದು ರೈಟರ್ ಹತ್ತಿರ ಹಿಂದಿನ ದಿನವೇ ಕೇಳಿ.

ಊಟದಲ್ಲಿ ಮಕ್ಕಳಿಗೆ ಇಲ್ಲಿಯ ನೂಪುಟ್ಟು (ಒತ್ತು ಶಾವಿಗೆ), ಕಡಂಬಟ್ಟು (ಅಕ್ಕಿ ಕಡುಬು), ಅಕ್ಕಿರೊಟ್ಟಿ ಬೇಗ ಹಿಡಿಸುತ್ತದೆ. ಕೊಡವರ ಕಕ್ಕಡ ತಿಂಗಳ 18, ಅಂದರೆ ಆಗಸ್ಟ್ 3ರಂದು, ಮದ್ದು ಸೊಪ್ಪನ್ನು ಬೇಯಿಸಿದ ನೇರಳೆ ಬಣ್ಣದ ನೀರಿನಲ್ಲಿ ಪಾಯಸ ಮಾಡುತ್ತಾರೆ. ಪಕ್ಕದ ಮನೆಯವರು ಕೊಟ್ಟರೆ ಮಕ್ಕಳಿಗೂ ಒಂದೆರಡು ಚಮಚ ಕೊಡಿ. ಮರುದಿನ ಮೂತ್ರ ಕೆಂಪಾಗಿ ಹೋಗುತ್ತದೆ. ಅದು ಸೊಪ್ಪಿನ ಬಣ್ಣ, ರಕ್ತವಲ್ಲ. ಬಿದಿರಿನ ಕಣಿಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ: ತೆಳ್ಳಗೆ ಹೆಚ್ಚಿ, ದಿನಾ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಬೇಯಿಸಿ, ಆ ನೀರನ್ನೂ ಚೆಲ್ಲಿ ಆಮೇಲೆ ಪಲ್ಯ. ಕಾಡಿನ ಅಣಬೆಯನ್ನು ಮೊದಲ ವರ್ಷ ನೀವಾಗಿ ಕಿತ್ತು ತರಬೇಡಿ.

ಮಗಳ ಓದು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದಿದೆ. ಸೇರಿಸದ ಪೋಷಕರಿಗೆ ಆ ಕಾಯ್ದೆ ದಂಡ ಹೇಳಿಲ್ಲ. ಮನೆಯಲ್ಲೇ ಕಲಿಸುವ ಕುಟುಂಬಗಳು ಇವೆ. ಆದರೂ ಒಂದೇ ವರ್ಷಕ್ಕೆ ಬರುವ ನಿಮಗೆ ಹತ್ತಿರದ ಸರ್ಕಾರಿ ಶಾಲೆಯೇ ಒಳ್ಳೆಯದೆಂದು ನಮ್ಮ ಖಚಿತ ಅಭಿಪ್ರಾಯ. ಅಲ್ಲಿ ಅವಳಿಗೆ ಗೆಳತಿಯರು ಸಿಗುತ್ತಾರೆ, ತೋಟದ ಒಂಟಿ ಮನೆಯಲ್ಲಿ ಸಿಗುವುದಿಲ್ಲ. ಪಾಠ ಕನ್ನಡದಲ್ಲಿ, ಆಟದಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಯರವ ಭಾಷೆ ಎಲ್ಲವೂ ಕಿವಿಗೆ ಬೀಳುತ್ತವೆ. ಬೆಂಗಳೂರಿಗೆ ಮರಳಿದಾಗ ದಾಖಲೆಯ ತೊಡಕೂ ಇರುವುದಿಲ್ಲ. ವರ್ಷದ ನಡುವೆ ಬಂದರೂ ಟಿ.ಸಿ. ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲವೆಂದು ಅದೇ ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ. ಹಳೇ ಶಾಲೆಯಿಂದ ಮಗಳ ಎಸ್‌ಎಟಿಎಸ್ (ರಾಜ್ಯದ ವಿದ್ಯಾರ್ಥಿ ದಾಖಲೆ) ಸಂಖ್ಯೆ ಬರೆದುಕೊಂಡು ಬನ್ನಿ. ಜೋರು ಮಳೆಗೆ ಜಿಲ್ಲಾಧಿಕಾರಿಗಳು ರಜೆ ಕೊಟ್ಟ ದಿನಗಳೇ ನಿಮ್ಮ ಮನೆಪಾಠಕ್ಕೆ ಬೇಕಾದಷ್ಟಾಗುತ್ತವೆ. ಚಿಕ್ಕವನಿಗೆ ಮೂರು ತುಂಬಿದ ಮೇಲೆ ಅಂಗನವಾಡಿ. ಅವನ ತಾಯಿ ಕಾರ್ಡ್ ತನ್ನಿ, ಉಳಿದ ಲಸಿಕೆ ಇಲ್ಲಿಯ ಆಶಾ ಕಾರ್ಯಕರ್ತೆಯರ ಮೂಲಕವೇ ಆಗುತ್ತದೆ.

ಬಾಡಿಗೆ ಕರಾರು ಹನ್ನೊಂದು ತಿಂಗಳಿಗೆ ಬರೆಸಿ. ಅದರಲ್ಲಿ ಮೂರು ಸಂಗತಿ ಸ್ಪಷ್ಟವಾಗಿರಲಿ: ಹೆಂಚು ಮತ್ತು ಮೋಟಾರ್ ರಿಪೇರಿ ಯಾರದು, ತೋಟದಲ್ಲಿ ಬಿದ್ದ ಸೌದೆ ತೆಗೆದುಕೊಳ್ಳಬಹುದೇ, ಮಳೆಗೆ ಮನೆ ಬಿಟ್ಟು ಹೋಗಬೇಕಾಗಿ ಬಂದರೆ ಅಡ್ವಾನ್ಸ್‌ನ ಗತಿ ಏನು. ಮೂರನೆಯದಕ್ಕೆ ಒಪ್ಪದ ಮಾಲೀಕರ ಮನೆ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ಬಂದ ಆರು ತಿಂಗಳಿಗೇ ಜಾಗ ಕೊಳ್ಳುವ ಆಸೆ ಹುಟ್ಟಿದರೆ, ಜಮ್ಮಾ ಬಾಣೆಯ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಕುಟುಂಬಕ್ಕೆ ಸೇರಿದ ಜಮೀನು) ಪಹಣಿಯಲ್ಲಿ ಕುಟುಂಬದ ಹಲವರ ಹೆಸರಿರುತ್ತದೆ, ತೋರಿಸುವವರೊಬ್ಬರ ಸಹಿಯಿಂದ ಅದು ನಿಮ್ಮದಾಗುವುದಿಲ್ಲ. ಇಲ್ಲಿಯ ಕಂದಾಯ ವ್ಯವಹಾರ ಬಲ್ಲ ವಕೀಲರಿಗೆ ಕಾಗದ ತೋರಿಸದೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ.